ಆರ್‌ಪಿಸಿ ಇಂಟರ್‌ಫೇಸಿನಲ್ಲಿ ಬೆಳೆಗೊಂದು ಬಗೆಯ ಗುಣವಿವರ: ಡೇಟಾ ಟೈಪ್ ಹೇಗಿರಬೇಕು?

ಪ್ರಶ್ನೆ: ಕೋಟೆಬಾಗಿಲು (ರಾಯಚೂರು)

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಎಪಿಎಂಸಿ ಪ್ರಾಂಗಣದ ಕೆಲವು ದಲಾಲಿ ಅಂಗಡಿಗಳಿಗಾಗಿ ಲಾಟು (ಒಟ್ಟಿಗೆ ಮಾರಾಟಕ್ಕಿಟ್ಟ ಸರಕಿನ ರಾಶಿ) ನೋಂದಣಿಯ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಅಂಗಡಿಯ ಕಂಪ್ಯೂಟರಿನಿಂದ ಸರ್ವರಿಗೆ ಜಿಆರ್‌ಪಿಸಿ ಮೂಲಕ (ಇದು ದೂರದ ಕಂಪ್ಯೂಟರಿನ ಪ್ರೋಗ್ರಾಮನ್ನು ಕರೆಯುವ ಆರ್‌ಪಿಸಿ ವಿಧಾನದ ಒಂದು ಬಗೆ) ಕರೆ ಹೋಗುತ್ತದೆ, ಮೆಸೇಜುಗಳು, ಅಂದರೆ ಕಳುಹಿಸುವ ದತ್ತಾಂಶದ ನಮೂನೆಗಳು, ಪ್ರೋಟೊಬಫ್ ಎಂಬ ವಿವರಣಾ ಭಾಷೆಯ ಪ್ರೋಟೊ-3 ರೂಪದಲ್ಲಿವೆ. ರೈತರ ಹೆಸರು, ಅಂಗಡಿ, ಚೀಲಗಳ ಸಂಖ್ಯೆ, ತೂಕ, ಇವು ಎಲ್ಲ ಲಾಟುಗಳಿಗೂ ಸಮಾನ. ತೊಡಕಿರುವುದು ಗುಣಮಟ್ಟದ ವಿವರದಲ್ಲಿ. ಭತ್ತಕ್ಕೆ ತಳಿ ಮತ್ತು ತೇವಾಂಶ ಬೇಕು. ಹತ್ತಿಗೆ ಎಳೆಯ ಉದ್ದ, ಮೈಕ್ರೊನೇರ್ (ಎಳೆಯ ನಯದ ಅಳತೆ), ಕಸದ ಪ್ರಮಾಣ ಬೇಕು. ಒಣಮೆಣಸಿನಕಾಯಿಗೆ ಬಣ್ಣದ ಅಂಕ ಬೇಕು, ತೊಟ್ಟು ತೆಗೆದಿದೆಯೋ ಇಲ್ಲವೋ ಎಂಬುದೂ ಬೇಕು. ಭತ್ತದ ದರವನ್ನು 75 ಕೆ.ಜಿ. ಚೀಲಕ್ಕೆ ಇಷ್ಟೆಂದು ಹೇಳುತ್ತಾರೆ, ಹತ್ತಿಯದನ್ನು ಕ್ವಿಂಟಲಿಗೆ.

ಮುಂದೆ ಯಾವ ಬೆಳೆ, ಯಾವ ಗುಣ ಸೇರುತ್ತದೆಂದು ಈಗಲೇ ಹೇಳಲಾಗದು. ಹೊಸ ಆವೃತ್ತಿಯು ಎಲ್ಲ ಅಂಗಡಿಗಳಿಗೂ ಒಂದೇ ದಿನ ತಲುಪುವುದೂ ಇಲ್ಲ. ಹತ್ತಿಯ ಹಂಗಾಮು ನಡೆದಿರುವಾಗ ಯಾರೂ ಕಂಪ್ಯೂಟರನ್ನು ಮುಟ್ಟಗೊಡುವುದಿಲ್ಲ. ಒಂದು ಸ್ಟ್ರಿಂಗ್ (ಪಠ್ಯ) ಫೀಲ್ಡಿನಲ್ಲಿ ಜೇಸನ್ (ಹೆಸರು-ಮೌಲ್ಯಗಳ ಜೋಡಿಗಳನ್ನು ಪಠ್ಯವಾಗಿ ಬರೆಯುವ ರೂಪ) ತುಂಬಿ ಕಳುಹಿಸಿಬಿಡೋಣವೆಂದು ಜೊತೆಯವರು ಹೇಳುತ್ತಾರೆ. ಸ್ಟ್ರಕ್ಟ್ (ಯಾವುದೇ ಹೆಸರು-ಮೌಲ್ಯಗಳ ಜೋಡಿಗಳನ್ನು ಹೊರುವ ಟೈಪ್), ಎನಿ (ಯಾವುದೇ ಮೆಸೇಜನ್ನು ಸುತ್ತಿ ಕಳುಹಿಸುವ ಟೈಪ್), ವನ್‌ಆಫ್ (ಹಲವು ಫೀಲ್ಡುಗಳಲ್ಲಿ ಒಂದನ್ನು ಮಾತ್ರ ತುಂಬಬಹುದಾದ ಗುಂಪು) ಎಂಬ ಬೇರೆ ದಾರಿಗಳೂ ಇವೆ. ಅನುಭವವುಳ್ಳವರು ದಯವಿಟ್ಟು ಕಾರಣಸಹಿತ ತಿಳಿಸಬೇಕು.

ಉತ್ತರ: ಎಡದಂಡೆ (ಗಂಗಾವತಿ)

ಬೆಳೆಗೊಂದು ಮೆಸೇಜ್ ಮಾಡಿ, ಅವೆಲ್ಲವನ್ನೂ ಒಂದು ವನ್‌ಆಫ್ ಒಳಗೆ ಇರಿಸಿ. ಭತ್ತದ ಲಾಟಿಗೆ ಮೈಕ್ರೊನೇರ್ ತುಂಬುವ ಸಾಧ್ಯತೆಯೇ ಆಗ ಇರುವುದಿಲ್ಲ, ಅದನ್ನು ಕಂಪೈಲರ್ ನೋಡಿಕೊಳ್ಳುತ್ತದೆ. ನಾಳೆ ಶೇಂಗಾ ಬಂದರೆ ಹೊಸ ಸಂಖ್ಯೆಯೊಂದಿಗೆ (ಪ್ರೋಟೊಬಫ್‌ನಲ್ಲಿ ಪ್ರತಿ ಫೀಲ್ಡನ್ನೂ ಗುರುತಿಸುವುದು ಅದರ ಸಂಖ್ಯೆಯಿಂದ) ಇನ್ನೊಂದು ಸದಸ್ಯನನ್ನು ಸೇರಿಸಿದರಾಯಿತು. ಹಳೆಯ ಕ್ಲೈಂಟಿಗೆ, ಅಂದರೆ ಅಂಗಡಿಯಲ್ಲಿರುವ ಹಳೆಯ ಪ್ರೋಗ್ರಾಮಿಗೆ, ಆ ಸಂಖ್ಯೆ ಗೊತ್ತಿರದ ಕಾರಣ ವನ್‌ಆಫ್ ಖಾಲಿ ಇದ್ದಂತೆ ಕಾಣುತ್ತದೆ. ಅದನ್ನು ದೋಷವೆಂದು ತಿರಸ್ಕರಿಸದೆ, ‘ಈ ಆವೃತ್ತಿಗೆ ತಿಳಿಯದ ಬೆಳೆ’ ಎಂದು ತೋರಿಸಿ ಮುಂದುವರಿಯುವಂತೆ ಮೊದಲ ದಿನವೇ ಬರೆದಿಡಬೇಕು.

ಪ್ರೋಟೊ-3ರ ಆರಂಭದ ದಿನಗಳಲ್ಲಿ ತಿಳಿಯದ ಫೀಲ್ಡುಗಳನ್ನು ಓದುವಾಗಲೇ ಎಸೆಯಲಾಗುತ್ತಿತ್ತು. ಪ್ರೋಟೊಬಫ್‌ನ 3.5ನೆಯ ಆವೃತ್ತಿಯಿಂದ ಈಚೆಗೆ ಅವು ಉಳಿದು, ಮೆಸೇಜನ್ನು ಮತ್ತೆ ಬರೆದಾಗ ಹಾಗೆಯೇ ಹೊರಬರುತ್ತವೆ. ಆದರೆ ನಡುವೆ ಯಾರಾದರೂ ಒಂದೊಂದೇ ಫೀಲ್ಡನ್ನು ಹೊಸ ಮೆಸೇಜಿಗೆ ನಕಲು ಮಾಡಿದರೆ, ಅಥವಾ ಜೇಸನ್‌ಗೆ ತಿರುಗಿಸಿ ಮರಳಿ ತಂದರೆ, ಅವು ಕಳೆದುಹೋಗುತ್ತವೆ. ಕೈಬಿಟ್ಟ ಫೀಲ್ಡಿನ ಸಂಖ್ಯೆಯನ್ನು ಕಾಯ್ದಿರಿಸಿದ್ದೆಂದು ಘೋಷಿಸಿ. ಅದನ್ನು ಮತ್ತೊಂದಕ್ಕೆ ಎಂದೂ ಕೊಡಬೇಡಿ.

ಉತ್ತರ: ಹಳೇಬೈಂಡರ್ (ಬಳ್ಳಾರಿ)

ಎಡದಂಡೆಯವರ ಮಾತಿಗೆ ಬಹುಮಟ್ಟಿಗೆ ಒಪ್ಪಿಗೆಯಿದೆ. ಉಳಿದ ದಾರಿಗಳು ಎಲ್ಲಿ ಕೈಕೊಡುತ್ತವೆ ಎಂಬುದನ್ನಷ್ಟೇ ನಾನು ಸೇರಿಸುತ್ತೇನೆ.

ಜೇಸನ್ ಸ್ಟ್ರಿಂಗ್ ಮತ್ತು ಸ್ಟ್ರಕ್ಟ್ ಎರಡರಲ್ಲೂ ಕೀಲಿಯ ಹೆಸರು ಬರಿಯ ಅಕ್ಷರಗಳ ಸಾಲು. ಒಂದು ಅಂಗಡಿಯ ಪ್ರೋಗ್ರಾಮು ‘ತೇವಾಂಶ’ ಎಂದೂ ಇನ್ನೊಂದು ‘ತೇವ’ ಎಂದೂ ಕಳುಹಿಸಿದರೆ ಇಂಟರ್‌ಫೇಸ್ ಎರಡನ್ನೂ ಒಪ್ಪಿಕೊಳ್ಳುತ್ತದೆ. ವರದಿಯಲ್ಲಿ ಅರ್ಧ ಲಾಟುಗಳು ಒದ್ದೆಯೇ ಇಲ್ಲದ ಭತ್ತವಾಗಿ ಕಾಣುತ್ತವೆ. ಸ್ಟ್ರಕ್ಟಿನೊಳಗಿನ ಸಂಖ್ಯೆಗಳೆಲ್ಲ ಡಬಲ್ (ದಶಮಾಂಶ ಸಂಖ್ಯೆಗಳನ್ನು 64 ಬಿಟ್‌ನಲ್ಲಿ ಇಡುವ ರೂಪ) ಆಗಿರುವುದರಿಂದ 9,00,71,99,25,47,40,992ಕ್ಕಿಂತ, ಅಂದರೆ ಎರಡರ 53ನೆಯ ಘಾತಕ್ಕಿಂತ, ದೊಡ್ಡ ಪೂರ್ಣಾಂಕಗಳು ನಿಖರವಾಗಿ ಉಳಿಯುವ ಭರವಸೆಯಿಲ್ಲ. ದಿನಾಂಕ, ಅಂಗಡಿ ಸಂಖ್ಯೆ, ಕ್ರಮಸಂಖ್ಯೆಗಳನ್ನು ಜೋಡಿಸಿ ಉದ್ದದ ಲಾಟು ಸಂಖ್ಯೆ ಮಾಡುವವರು ಇದನ್ನು ಗಮನಿಸಬೇಕು. ಇನ್ನು ಎನಿ: ಒಳಗಿನ ಬೈಟುಗಳ ಜೊತೆ ಟೈಪಿನ ಹೆಸರು ಮಾತ್ರ ಹೋಗುತ್ತದೆ, ವ್ಯಾಖ್ಯೆ ಹೋಗುವುದಿಲ್ಲ. ಪಡೆಯುವವರ ಬಳಿ ಆ ವ್ಯಾಖ್ಯೆ ಇಲ್ಲದಿದ್ದರೆ ಅದನ್ನು ಹೊತ್ತೊಯ್ಯಬಹುದೇ ಹೊರತು ಓದಲಾಗದು. ಜೇಸನ್‌ಗೆ ತಿರುಗಿಸುವ ಗೇಟ್‌ವೇ ನಡುವೆ ಇದ್ದರೆ ಪರಿವರ್ತನೆಯೇ ವಿಫಲವಾಗುತ್ತದೆ.

ಈ ಸಮಸ್ಯೆ ಹೊಸದೇನಲ್ಲ. ಸನ್ ಕಂಪನಿಯ ಹಳೆಯ ಆರ್‌ಪಿಸಿಗೆ ಆಧಾರವಾದ ಎಕ್ಸ್‌ಡಿಆರ್ ಎಂಬ ದತ್ತಾಂಶ ರೂಪವು, 1987ರ ಆರ್‌ಎಫ್‌ಸಿ 1014 ಎಂಬ ಇಂಟರ್ನೆಟ್ ದಾಖಲೆಯಲ್ಲಿಯೇ, ಗುರುತುಸಂಖ್ಯೆಯುಳ್ಳ ಯೂನಿಯನ್ನನ್ನು (ಹಲವು ಕವಲುಗಳಲ್ಲಿ ಒಂದನ್ನು ಮಾತ್ರ ಹೊರುವ ಟೈಪ್) ಕೊಟ್ಟಿತ್ತು. ಮೊದಲು ನಾಲ್ಕು ಬೈಟಿನ ಗುರುತು, ಅದರ ಹಿಂದೆಯೇ ಆಯಾ ಕವಲಿನ ದತ್ತಾಂಶ. ಕವಲಿನ ಉದ್ದವನ್ನು ಅಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಹಾಗಾಗಿ ಹಳೆಯ ಪ್ರೋಗ್ರಾಮಿಗೆ ತಿಳಿಯದ ಗುರುತು ಎದುರಾದರೆ ಎಷ್ಟು ಬೈಟು ದಾಟಬೇಕೆಂಬುದು ಗೊತ್ತಾಗದೆ, ಆ ಮೆಸೇಜಿನ ಉಳಿದ ಭಾಗವೂ ಓದಲಾರದ್ದಾಗುತ್ತದೆ. ಕವಲನ್ನು ಉದ್ದಸಹಿತ ಅಪಾರದರ್ಶಕ ಬೈಟುಗಳಾಗಿ ಸುತ್ತಿಡುವುದೊಂದೇ ಅದಕ್ಕಿದ್ದ ಉಪಾಯ. ಪ್ರೋಟೊಬಫ್‌ನಲ್ಲಿ ಒಳಮೆಸೇಜುಗಳಿಗೆಲ್ಲ ಉದ್ದವು ಮುಂದೆಯೇ ಇರುವುದರಿಂದ ಎಡದಂಡೆಯವರು ಹೇಳಿದ ಕ್ರಮ ಇಂದು ಸಾಧ್ಯವಾಗಿದೆ.

ಮರುಪ್ರಶ್ನೆ: ಕೋಟೆಬಾಗಿಲು (ರಾಯಚೂರು)

ಇಬ್ಬರಿಗೂ ಧನ್ಯವಾದಗಳು. ವನ್‌ಆಫ್ ಆಯ್ದರೆ ಪ್ರತಿ ಹೊಸ ಗುಣಕ್ಕೂ ಪ್ರೋಟೊ ಕಡತ ತಿದ್ದಿ, ಕೋಡ್ ಹುಟ್ಟಿಸಿ, ಮತ್ತೆ ಹಂಚಬೇಕಾಗುತ್ತದೆ. ಒಣಮೆಣಸಿನಕಾಯಿಗೆ ಹೊಸ ದರ್ಜೆಯೊಂದು ಬೇಕೆಂದರೆ ಕಚೇರಿಯವರೇ ಪರದೆಯಲ್ಲಿ ಸೇರಿಸಿಕೊಳ್ಳುವಂತಿರಬೇಕೆಂಬುದು ಅವರ ಬೇಡಿಕೆ. ಇದಕ್ಕೆ ಮಾರ್ಗವಿದೆಯೇ?

ಉತ್ತರ: ಮಸ್ಕಿ_ಮೆಸೇಜ್ (ರಾಯಚೂರು ಜಿಲ್ಲೆ)

ಇದೆ, ಆದರೆ ಸಡಿಲಬಿಡುವ ಭಾಗವನ್ನು ಚಿಕ್ಕದಾಗಿಡಬೇಕು. ನನ್ನ ಅಳತೆಗೋಲು ಇಷ್ಟೆ: ಯಾವ ಮೌಲ್ಯದ ಮೇಲೆ ನಿಮ್ಮ ಕೋಡ್ ಲೆಕ್ಕ ಮಾಡುತ್ತದೆಯೋ ಅದಕ್ಕೆ ಸ್ಥಿರವಾದ ಫೀಲ್ಡ್, ತೋರಿಸಲು, ಹುಡುಕಲು, ಮುದ್ರಿಸಲು ಮಾತ್ರ ಬೇಕಾದದ್ದು ಗುಣಗಳ ಪಟ್ಟಿಗೆ.

ತೂಕ, ದರ, ದರದ ಮಾನ, ಇವು ರೈತರಿಗೆ ಕೊಡುವ ಹಣದ ಲೆಕ್ಕಕ್ಕೆ ನೇರವಾಗಿ ತಟ್ಟುವಂಥವು. ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ, 64 ಬಿಟ್ ಪೂರ್ಣಾಂಕವಾಗಿ ಇಡಿ, ಡಬಲ್ ಬೇಡ. (ಬ್ರೌಸರಿನ ಪುಟವಿದ್ದರೆ ನೆನಪಿಡಿ: ಪ್ರೋಟೊಬಫ್‌ನ ಜೇಸನ್ ರೂಪದಲ್ಲಿ ಈ ಪೂರ್ಣಾಂಕಗಳು ಸ್ಟ್ರಿಂಗ್ ಆಗಿ ಬರುತ್ತವೆ.) ದರದ ಮಾನಕ್ಕೆ ಈನಮ್ (ಹೆಸರಿಟ್ಟ ಆಯ್ಕೆಗಳಿಗೆ ಒಂದೊಂದು ಸಂಖ್ಯೆ ಕೊಡುವ ಟೈಪ್) ಬಳಸಿ, ಅದರ ಸೊನ್ನೆಯನ್ನು ‘ನಮೂದಿಸಿಲ್ಲ’ ಎಂಬುದಕ್ಕೇ ಮೀಸಲಿಡಿ. ಸೊನ್ನೆಗೆ ಕ್ವಿಂಟಲ್ ಎಂದು ಅರ್ಥ ಕೊಟ್ಟರೆ, ಮಾನವನ್ನೇ ತುಂಬದ ಕ್ಲೈಂಟು ಕಳುಹಿಸಿದ 75 ಕೆ.ಜಿ. ಚೀಲದ ದರವು ಕ್ವಿಂಟಲ್ ದರವಾಗಿ ಓದಿಸಿಕೊಳ್ಳುತ್ತದೆ, ರೈತರಿಗೆ ಕಾಲುಭಾಗ ನಷ್ಟವಾಗುತ್ತದೆ. ತೇವಾಂಶದ ಆಧಾರದಲ್ಲಿ ಕಡಿತ ಹಾಕುವುದಾದರೆ ಅದೂ ಸ್ಥಿರ ಫೀಲ್ಡೇ ಆಗಬೇಕು, ಜೊತೆಗೆ ಆಪ್ಷನಲ್ (ತುಂಬಿದೆಯೋ ಇಲ್ಲವೋ ಎಂಬುದು ತಿಳಿಯುವ ಫೀಲ್ಡ್) ಎಂದು ಗುರುತಿಸಬೇಕು. ಹಾಗಲ್ಲದಿದ್ದರೆ ಅಳೆಯದೆ ಬಿಟ್ಟದ್ದಕ್ಕೂ ಸೊನ್ನೆ ಎಂದು ಅಳೆದದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. 2021ರ 3.15ನೆಯ ಆವೃತ್ತಿಯಿಂದ ಪ್ರೋಟೊ-3ರಲ್ಲಿ ಈ ಸೌಲಭ್ಯವನ್ನು ನೆಚ್ಚಿಕೊಳ್ಳಬಹುದು.

ಉಳಿದ ಗುಣಗಳಿಗೆ ಒಂದು ಚಿಕ್ಕ ಮೆಸೇಜ್ ಸಾಕು: ಗುಣದ ಸಂಕೇತ, ಮತ್ತು ಒಂದು ವನ್‌ಆಫ್ ಒಳಗೆ ದಶಮಾಂಶ, ಪಠ್ಯ, ಆಯ್ಕೆಯ ಸಂಕೇತ, ಹೌದು-ಇಲ್ಲ ಎಂಬ ನಾಲ್ಕು ರೂಪಗಳು. ಇದನ್ನು ಲಾಟಿನಲ್ಲಿ ಪುನರಾವರ್ತಿತ ಫೀಲ್ಡಾಗಿ ಇರಿಸಿ. ವನ್‌ಆಫ್ ತಾನೇ ಪುನರಾವರ್ತಿತ ಆಗಲಾರದು, ಅದನ್ನು ಹೊತ್ತ ಮೆಸೇಜ್ ಆಗಬಹುದು. ಪ್ರತಿ ಬೆಳೆಗೆ ಯಾವ ಗುಣಗಳು, ಅವುಗಳ ಕನ್ನಡ ಹೆಸರು, ಮಾನ, ರೂಪ, ಕನಿಷ್ಠ-ಗರಿಷ್ಠ ಮಿತಿ ಎಂಬುದನ್ನು ತಿಳಿಸುವ ಇನ್ನೊಂದು ಕರೆಯನ್ನು ಸರ್ವರಿನಲ್ಲಿ ಇಡಿ. ಅಂಗಡಿಯ ಪರದೆಯು ಆ ಪಟ್ಟಿಯನ್ನು ನೋಡಿ ತನ್ನ ಪೆಟ್ಟಿಗೆಗಳನ್ನು ತಾನೇ ಹಾಕಿಕೊಳ್ಳುತ್ತದೆ. ಸರ್ವರು ಅದೇ ಪಟ್ಟಿಯಿಂದ ಪರಿಶೀಲಿಸಿ, ಪಟ್ಟಿಯಲ್ಲಿಲ್ಲದ ಸಂಕೇತವನ್ನು ಹಿಂತಿರುಗಿಸುತ್ತದೆ. ಕಚೇರಿಯವರು ಮುಟ್ಟುವುದು ಪಟ್ಟಿಯನ್ನು ಮಾತ್ರ, ಪ್ರೋಟೊ ಕಡತವನ್ನಲ್ಲ.

ಉತ್ತರ: ಎಡದಂಡೆ (ಗಂಗಾವತಿ)

ಮಸ್ಕಿಯವರ ಕ್ರಮದಲ್ಲಿ ಒಂದು ಸೇರ್ಪಡೆ. ಸರ್ವರು ಕೊಡುವ ಆ ಗುಣಪಟ್ಟಿಗೆ ಆವೃತ್ತಿ ಸಂಖ್ಯೆ ಕೊಟ್ಟು, ಪ್ರತಿ ಲಾಟಿನಲ್ಲಿಯೂ ಅದನ್ನು ಬರೆದಿಡಿ. ಬಣ್ಣದ ಅಂಕದ ಗರಿಷ್ಠ ಮಿತಿಯನ್ನು ಮುಂದಿನ ವರ್ಷ ಬದಲಿಸಿದಾಗ, ಹಿಂದಿನ ಹಂಗಾಮಿನ ಲಾಟುಗಳನ್ನು ಹೊಸ ಮಿತಿಯಿಂದ ತೂಗಿ ತಪ್ಪೆಂದು ತಿರಸ್ಕರಿಸುವ ಪ್ರಸಂಗ ಬರುವುದಿಲ್ಲ. ಯಾವುದಾದರೂ ಗುಣವು ಮುಂದೆ ದರದ ಲೆಕ್ಕಕ್ಕೆ ಸೇರಿದರೆ, ಅದನ್ನು ಲಾಟಿನಲ್ಲಿರುವ ಗುಣಗಳ ಪಟ್ಟಿಯಿಂದ ಸ್ಥಿರ ಫೀಲ್ಡಿಗೆ ತರುವಾಗ ಒಂದು ಹಂಗಾಮಿನ ಮಟ್ಟಿಗೆ ಎರಡೂ ಕಡೆ ಬರೆಯುತ್ತ, ಸರ್ವರಿನಲ್ಲಿ ಸ್ಥಿರ ಫೀಲ್ಡನ್ನು ಮೊದಲು ನೋಡಿ, ಅದಿಲ್ಲದಿದ್ದರೆ ಪಟ್ಟಿಯನ್ನು ನೋಡುವಂತೆ ಬರೆಯಿರಿ. ಹಳೆಯ ಆವೃತ್ತಿಯ ಕೊನೆಯ ಅಂಗಡಿ ಬದಲಾದ ಮೇಲೆ ಪಟ್ಟಿಯಲ್ಲಿನ ಸಂಕೇತವನ್ನು ನಿವೃತ್ತಗೊಳಿಸಬಹುದು.