ಬೇರೆಯವರ ಪರ ಮಾತಾಡೋಕೆ ಹೋಗ್ಬೇಕು, ಆದ್ರೆ ಅವರು ಕೇಳ್ತಿರೋದು ನನಗೇ ಸರಿ ಅನ್ನಿಸ್ತಿಲ್ಲ

ತಿಳಿಮುಗಿಲು:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಮ್ಮ ಏರಿಯಾದಲ್ಲಿ ಒಂದು ವಾಲಂಟಿಯರ್ ಗುಂಪಿದೆ. ವಯಸ್ಸಾದವರು, ಅಂಗವೈಕಲ್ಯ ಇರೋರು, ಹಿಂದೆಮುಂದೆ ಯಾರೂ ಇಲ್ಲದವರು, ಇಂಥವರ ಜೊತೆ ಆಸ್ಪತ್ರೆಗೋ ಆಫೀಸಿಗೋ ಹೋಗಿ ಅವರ ಪರ ಮಾತಾಡೋದು ಕೆಲಸ. ಅಡ್ವೊಕೆಸಿ ಅಂತಾರೆ ಇದಕ್ಕೆ. ಮನೇಲಿ ಹೇಳಿದ್ರೆ "ನೀನ್ಯಾವಾಗ ಲಾಯರ್ ಆದೆ" ಅಂತ ನಗ್ತಾರೆ, ಅದಿರ್ಲಿ.

ಸೇರಿ ಎರಡು ತಿಂಗಳಾಯ್ತು, ಈಗ ಮೊದಲ ಸಲ ಒಬ್ಬರ ಜವಾಬ್ದಾರಿ ನನಗೇ ಬಿದ್ದಿದೆ. 74 ವರ್ಷದ ಹಿರಿಯರು, ಒಬ್ರೇ ಇರ್ತಾರೆ. ಸ್ಟ್ರೋಕ್ ಆದ್ಮೇಲೆ ಬಲಗೈಗೆ ಸ್ವಾಧೀನ ಇಲ್ಲ, ಮಾತು ತುಂಬಾ ತಡವರಿಸುತ್ತೆ, ಆದ್ರೆ ತಲೆ ಚುರುಕಾಗೇ ಇದೆ. ಬಾತ್‌ರೂಮಲ್ಲಿ ಎರಡು ಸಲ ಬಿದ್ದಿದಾರೆ. ಅಣ್ಣನ ಮಗ ಮತ್ತೆ ಡಾಕ್ಟ್ರು ಇಬ್ರೂ ಕೇರ್ ಹೋಮಿಗೆ ಸೇರಿಸೋಣ ಅಂತಿದಾರೆ, ಮುಂದಿನ ವಾರ ಅದಕ್ಕೇ ಮೀಟಿಂಗ್. ಇವರು ಮಾತ್ರ "ಮನೆ... ಮನೆ" ಅಂತ ಎಡಗೈಲಿ ನೆಲ ತೋರಿಸ್ತಾರೆ.

ನಿಜ ಹೇಳ್ಬೇಕಂದ್ರೆ ನನಗೂ ಕೇರ್ ಹೋಮೇ ವಾಸಿ ಅನ್ನಿಸ್ತಿದೆ. ಹೀಗಿದ್ದಾಗ ಮೀಟಿಂಗಲ್ಲಿ ಏನ್ ಹೇಳ್ಲಿ? ಅವರ ಮನಸ್ಸನ್ನ ಮೊದಲೇ ನಿಧಾನಕ್ಕೆ ಒಪ್ಪಿಸೋಕೆ ನೋಡ್ಲಾ? ಗುಂಪಿನವರನ್ನ ಕೇಳೋಣ ಅಂದ್ರೆ, ನಮಗೆ ಕೂರೋಕೆ ಜಾಗ ಕೊಟ್ಟು ಓಡಾಟದ ಖರ್ಚು ನೋಡ್ಕೊಳ್ಳೋದು ಆ ಕೇರ್ ಹೋಮ್ ನಡೆಸೋ ಟ್ರಸ್ಟೇ, ಹಂಗಾಗಿ ಅವರೂ "ಸೇರ್ಸಿಬಿಡಿ" ಅಂತಾರೇನೋ.

ಹಳೇಪೆನ್ನು:
ಕೊನೇ ಸಾಲಲ್ಲಿ ಒಂದು ಬಾಂಬ್ ಇಟ್ಟಿದೀರಲ್ಲ! ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನಿಮ್ಮ ಪ್ರಶ್ನೆ. ಒಪ್ಪಿಸೋ ಕೆಲಸ ನಿಮ್ಮದಲ್ಲ. ಅವರಿಗೆ ಯಾವುದು ಒಳ್ಳೇದು ಅಂತ ಹೇಳೋಕೆ ಆ ಕೋಣೆಲಿ ಆಗ್ಲೇ ಡಾಕ್ಟ್ರು ಇದಾರೆ, ಅಣ್ಣನ ಮಗ ಇದಾನೆ, ಮ್ಯಾನೇಜರ್ ಇರ್ತಾರೆ. ಆ ಹಿರಿಯರು ಏನು ಬಯಸ್ತಾರೆ ಅಂತ ಹೇಳೋಕೆ ಇರೋದು ನೀವೊಬ್ರೇ, ನೀವೂ ಆ ಕಡೆ ಹೋಗಿ ಕೂತ್ರೆ ಅವರ ಕಡೆ ಖಾಲಿ ಕುರ್ಚಿ ಅಷ್ಟೇ. ಹಾಗಂತ ಸುಮ್ನೆ ಗಿಳಿಪಾಠ ಒಪ್ಪಿಸೋದೂ ಅಲ್ಲ. ಮೀಟಿಂಗಿಗೆ ಮುಂಚೆ ಎರಡು ಮೂರು ಸಲ ಹೋಗಿ, "ಮನೆ" ಅಂದ್ರೆ ಏನು ಅಂತ ಬಿಡಿಸಿ ಬಿಡಿಸಿ ಕೇಳಿ. ನಾನು ಒಬ್ಬ ಹೆಂಗಸಿನ ಜೊತೆ ಹೀಗೇ ಕೂತಿದ್ದೆ. "ಎಲ್ಲೂ ಬರಲ್ಲ" ಅಂತ ಪಟ್ಟು ಹಿಡಿದಿದ್ರು, ಮೂರನೇ ದಿನ ಗೊತ್ತಾಯ್ತು ಅವರ ಭಯ ಬೇರೇನೇ, ರಾತ್ರಿ ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ತಾರೆ ಅಂತ ಯಾರೋ ಹೇಳ್ಬಿಟ್ಟಿದ್ರು.

ಮಾತು ತಡವರಿಸೋರಿಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೇಳಿ ಬಾಯಿ ಮುಚ್ಕೊಂಡು ಕಾಯಿರಿ, ಮನಸಲ್ಲಿ ಹತ್ತರವರೆಗೆ ಎಣಿಸಿ, ಅವರ ವಾಕ್ಯನ ನೀವು ಮುಗಿಸ್ಬೇಡಿ. ಆಮೇಲೆ ಅದೇ ಪ್ರಶ್ನೆ ತಿರುಗಿಸಿ ಕೇಳಿ. "ಮನೇಲೇ ಇರ್ಬೇಕಾ" ಅಂದ್ರೂ ಹೂಂ, "ಬೇರೆ ಕಡೆ ಹೋಗ್ಬೇಕಾ" ಅಂದ್ರೂ ಹೂಂ ಅಂದ್ರೆ ಪ್ರಶ್ನೆ ತಲುಪಿಲ್ಲ, ಇಲ್ಲಾ ನಿಮ್ಮನ್ನ ಖುಷಿ ಪಡಿಸೋಕೆ ಹೂಂಗುಟ್ತಿದಾರೆ. ಬಂದ ಉತ್ತರನ ಅವರದೇ ಮಾತಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿ, ಅವರು ತಲೆ ಆಡಿಸಿದ್ದನ್ನ ಮಾತ್ರ ಮೀಟಿಂಗಿಗೆ ಒಯ್ಯಿರಿ.

ಈಗ ಆ ಟ್ರಸ್ಟ್ ವಿಷಯ. ಈ ಕೆಲಸಕ್ಕೆ ಇಂಡಿಪೆಂಡೆಂಟ್ ಅಡ್ವೊಕೆಸಿ, ಅಂದ್ರೆ ಯಾರ ಹಂಗೂ ಇಲ್ಲದ್ದು, ಅಂತ ಹೆಸರಿಟ್ಟಿರೋದು ಸುಮ್ನೆ ಅಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ 1970ರ ಹೊತ್ತಿಗೆ ವುಲ್ಫ್ ವುಲ್ಫೆನ್ಸ್‌ಬರ್ಗರ್ ಅನ್ನೋರ ಐಡಿಯಾದಿಂದ ಸಿಟಿಜನ್ ಅಡ್ವೊಕೆಸಿ ಅಂತ ಶುರುವಾಯ್ತು, "ನಾವು ಹೋದ್ಮೇಲೆ ನಮ್ಮ ಮಕ್ಕಳಿಗೆ ಯಾರು ದಿಕ್ಕು" ಅನ್ನೋ, ಅಂಗವೈಕಲ್ಯ ಇರೋ ಮಕ್ಕಳ ತಂದೆ ತಾಯಿಗಳ ಚಿಂತೆಯಿಂದ ಹುಟ್ಟಿದ್ದು ಅದು. ಸಂಬಳ ಇಲ್ಲದ ಸಾಮಾನ್ಯ ಜನ, ನಿಷ್ಠೆ ಆ ವ್ಯಕ್ತಿಗೆ ಮಾತ್ರ, ಸೇವೆ ಕೊಡೋ ಸಂಸ್ಥೆಗಲ್ಲ. ನಿಮ್ಮ ಖರ್ಚು ಕೊಡೋರದೇ ಕೇರ್ ಹೋಮ್, ಅಲ್ಲಿಗೆ ಒಬ್ಬರನ್ನ ಸೇರಿಸೋ ಮೀಟಿಂಗಲ್ಲಿ ಆ ಹಿರಿಯರ ಪರ ಕೂರೋದು ನೀವು! ನೀವೆಷ್ಟೇ ಪ್ರಾಮಾಣಿಕ ಆಗಿರಿ, ಇದನ್ನ ಅವರಿಗೆ ಮೊದಲು ಹೇಳ್ಬೇಕು. ಕೇಳಿದ್ಮೇಲೂ ನೀವೇ ಬೇಕು ಅಂದ್ರೆ ಸರಿ, ಇಲ್ಲ ಅಂದ್ರೆ ಬೇರೆ ಯಾರಾದ್ರೂ ಬರ್ಲಿ.

ರಾತ್ರಿಪಾಳಿ:
ಕೇಳೋಕೆ ಚೆನ್ನಾಗಿದೆ. ಆದ್ರೆ ನಾನು ಆ ಅಣ್ಣನ ಮಗನ ಜಾಗದಲ್ಲಿದ್ದೋನು ಸ್ವಾಮಿ. ಮೂರನೇ ಸಲ ಬಿದ್ದು ಸೊಂಟ ಮುರ್ಕೊಂಡ್ರೆ ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಅವನಿಗೆ, ಅಡ್ವೊಕೇಟ್ ಅನ್ನಿಸ್ಕೊಂಡೋರು ಮೀಟಿಂಗ್ ಮುಗಿಸಿ ಮನೆಗೆ ಹೋಗಿ ಮಲಗಿರ್ತಾರೆ. ನಮ್ಮ ದೊಡ್ಡಪ್ಪಂಗೆ ಹೀಗೇ ಒಬ್ರು ಬಂದಿದ್ರು, ನನ್ನ ಕಡೆ ಕಳ್ಳನ್ನ ನೋಡಿದ ಹಂಗೆ ನೋಡೋರು. ಹಕ್ಕು ಹಕ್ಕು ಅಂತೀರಲ್ಲ, ದಿನಾ ಎತ್ತಿ ಕೂರಿಸೋರು ಯಾರು ಅಂತ ಒಂದು ಮಾತು ಕೇಳಿದ್ರಾ?

ಹಳೇಪೆನ್ನು:
ರಾತ್ರಿಪಾಳಿ ಅವ್ರೇ, ನಿಮ್ಮ ಮಾತು ತೆಗೆದು ಹಾಕಲ್ಲ. ಮನೆಯವರನ್ನ ವಿಲನ್ ಮಾಡೋ ಅಡ್ವೊಕೇಟ್ ಕೆಟ್ಟ ಅಡ್ವೊಕೇಟೇ. ಆದ್ರೆ ಆರೈಕೆ ಮಾಡೋರ ಕಷ್ಟನೂ ಅಲ್ಲಿ ಬರ್ಬೇಕಾದ್ರೆ ನಿಮ್ಮ ಪರನೂ ಒಬ್ರು ಬೇಕು. ಎರಡೂ ಕಡೆಗೆ ಒಬ್ಬರೇ ಮಾತಾಡೋಕೆ ಹೋದ್ರೆ ಯಾರ ಮಾತೂ ನೆಟ್ಟಗೆ ಬರಲ್ಲ.

ಕಡತಹುಳ:
ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. ಇಂಗ್ಲೆಂಡ್, ವೇಲ್ಸಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್ ಅಂತ ಇದೆ. ಬೇರೆಯವರಿಗೆ ದಡ್ಡತನ ಅನ್ನಿಸೋ ನಿರ್ಧಾರ ತಗೊಂಡ್ರು ಅಂದ ಮಾತ್ರಕ್ಕೆ ನಿರ್ಧಾರ ಮಾಡೋ ಶಕ್ತಿನೇ ಇಲ್ಲ ಅನ್ನೋ ಹಾಗಿಲ್ಲ ಅನ್ನೋದು ಅದರ ಮೂಲ ತತ್ವಗಳಲ್ಲಿ ಒಂದು. ಆ ಶಕ್ತಿ ಇಲ್ಲದವರಿಗೆ ಕೇಳೋಕೆ ನೆಂಟರು ಗೆಳೆಯರು ಯಾರೂ ಇಲ್ಲ ಅಂದ್ರೆ, ದೊಡ್ಡ ಚಿಕಿತ್ಸೆ ಅಥವಾ ವಾಸದ ಜಾಗ ಬದಲಾಯಿಸೋ ಸಂದರ್ಭದಲ್ಲಿ ಇಂಡಿಪೆಂಡೆಂಟ್ ಅಡ್ವೊಕೇಟ್ ಕೊಡ್ಬೇಕು ಅಂತಲೂ ಅದೇ ಕಾನೂನಲ್ಲಿದೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 4ನೇ ಸೆಕ್ಷನ್ನಲ್ಲೂ, ಮಾನಸಿಕ ಚಿಕಿತ್ಸೆ ಮಟ್ಟಿಗೆ, ಆ ದಡ್ಡತನದ ಮಾತೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಅಂತೂ, ದುಡ್ಡು ಆಸ್ತಿ ವ್ಯವಹಾರದಲ್ಲಿ ಸಹಾಯ ಮಾಡೋರ ಹಿತ ಅಡ್ಡ ಬಂದ್ರೆ ಆ ವ್ಯವಹಾರದಿಂದ ಅವರು ದೂರ ಸರೀಬೇಕು ಅನ್ನುತ್ತೆ. ನಿಮ್ಮದು ನೇರ ಅಂಥ ವ್ಯವಹಾರ ಅಲ್ಲ, ಆದ್ರೆ ಆ ಟ್ರಸ್ಟಿನ ವಿಷಯಕ್ಕೆ ಅದೇ ನ್ಯಾಯ ತಾನೆ. ನಮ್ಮ ಈ ಎರಡು ಕಾಯ್ದೆಗಳ ಹಿಂದೆ ಇರೋದು ಅಂಗವಿಕಲರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಪ್ಪಂದದ 12ನೇ ವಿಧಿ, ಬೇರೆಯವರ ಬದಲು ನಾವು ನಿರ್ಧಾರ ಮಾಡೋದಲ್ಲ, ಅವರೇ ಮಾಡೋಕೆ ಬೇಕಾದ ಆಸರೆ ಕೊಡೋದು ಅಂತ.

ಅವರ ಹತ್ರ ಒಂದು ಸಾಲಾದ್ರೂ ಒಪ್ಪಿಗೆ ತಗೊಳ್ಳಿ, ನಿಮಗೆ ಏನೇನು ಹೇಳೋ ಅಧಿಕಾರ ಕೊಟ್ಟಿದಾರೆ ಅಂತ. ಎಡಗೈ ಹೆಬ್ಬೆಟ್ಟಾದ್ರೂ ಸಾಕು.

ಎಡಗೈಬರಹ:
ನಾನು ಆ ಕಡೆ ಕುರ್ಚಿಲಿ ಕೂತೋಳು, ಅದಕ್ಕೆ ಬರೀತಿದೀನಿ. ನನಗೂ ಮಾತು ಸರಿಯಾಗಿ ಬರಲ್ಲ, ಟೈಪ್ ಮಾಡೋಕೆ ತೊಂದರೆ ಇಲ್ಲ. ಆಫೀಸರ್ ನನ್ನ ಎದುರಿಗೇ ಜೊತೆಲಿದ್ದವರನ್ನ "ಇವರಿಗೆ ಏನ್ ಬೇಕಂತೆ?" ಅಂತ ಕೇಳಿದ್ರು. ನನ್ನ ಜೊತೆ ಬಂದ ಹುಡುಗಿ ಉತ್ತರ ಕೊಡ್ಲಿಲ್ಲ, ತನ್ನ ಕುರ್ಚಿನ ಒಂದು ಗೇಣು ಹಿಂದಕ್ಕೆ ಎಳ್ಕೊಂಡ್ಲು ಅಷ್ಟೇ. ಆಫೀಸರಿಗೆ ನೋಡೋಕೆ ನನ್ನ ಮುಖ ಬಿಟ್ರೆ ಬೇರೆ ಏನೂ ಉಳೀಲಿಲ್ಲ. ನಾನು ಹೇಳೋಕೆ ಎರಡು ನಿಮಿಷ ತಗೊಂಡೆ, ಆರು ಪದ. ಅವತ್ತು ನಾನು ಕೇಳಿದ್ದು ಸಿಗ್ಲಿಲ್ಲ, ನಿಜ. ಆದ್ರೂ ಇನ್ನೊಂದ್ಸಲ ಹೋಗೋದಾದ್ರೆ ಅವಳನ್ನೇ ಕರ್ಕೊಂಡು ಹೋಗ್ತೀನಿ.

ತಿಳಿಮುಗಿಲು:
ಎಲ್ರಿಗೂ ಥ್ಯಾಂಕ್ಸ್, ರಾತ್ರಿಪಾಳಿ ಅವ್ರಿಗೂ. ನಿನ್ನೆ ಹೋಗಿದ್ದೆ. ಮೊದಲು ಟ್ರಸ್ಟ್ ವಿಷಯ ಹೇಳ್ದೆ, ಜೋರಾಗಿ ನಕ್ಕುಬಿಟ್ರು, ಅವರಿಗೆ ಮೊದಲೇ ಗೊತ್ತಿತ್ತಂತೆ! ಆದ್ರೂ ಬೇರೆಯವರು ಬರ್ಲಿ ಅಂದ್ರು, ಸ್ವಲ್ಪ ಬೇಜಾರಾಯ್ತು, ಪರವಾಗಿಲ್ಲ. ಇನ್ನೊಂದು ಏರಿಯಾದ ಗುಂಪಲ್ಲಿ ಒಬ್ರು ಒಪ್ಕೊಂಡಿದಾರೆ. "ಮನೆ" ಅಂದ್ರೆ ಏನು ಅಂತ ಕೇಳೋಕೆ ಶುರು ಮಾಡಿದ್ವಿ, ಬಾತ್‌ರೂಮ್ ಕಡೆ ಕೈ ತೋರಿಸಿ, ಗೋಡೆ ಮೇಲೆ ಒಂದು ಅಡ್ಡ ಗೆರೆ ಎಳೆದು ತೋರಿಸಿದ್ರು. ಹಿಡ್ಕೊಳ್ಳೋಕೆ ಕಂಬಿ ಹಾಕಿಸಿ ಅಂತ. ಸ್ಟ್ರೋಕ್ ಆದಾಗಿಂದ ಕೇಳ್ತಾನೇ ಇದಾರಂತೆ.