‘ಆಲ್ಟ್ ಟೆಕ್ಸ್ಟ್’ಗೆ ಪದ ಬೇಕು, ಶುಕ್ರವಾರ ಅಚ್ಚು

ವಡಾಲದಿಂದ:
ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕರಿಗೂ ಕಚೇರಿಯವರಿಗೂ ವೆಬ್ ಪುಟ ಮಾಡುವುದನ್ನು ಕಲಿಸುವ ಎಂಟು ಪುಟದ ಕೈಪಿಡಿ ಶುಕ್ರವಾರ ಅಚ್ಚಿಗೆ ಹೋಗಬೇಕು. ಲಿಂಕ್‌ಗೆ ಕೊಂಡಿ, ಹೆಡಿಂಗ್‌ಗೆ ತಲೆಬರಹ ಆಯಿತು; ಬ್ರೌಸರಿಗೆ ಸೂಚನೆ ಕೊಡುವ ಕೋಡಿನ ತುಣುಕಾದ ಟ್ಯಾಗ್ ಟ್ಯಾಗೇ. ತೊಡಕಾಗಿರುವುದು ಇಮೇಜ್ ಟ್ಯಾಗಿನೊಳಗಿನ ‘ಆಲ್ಟ್’. ಫೋಟೊ ತೆರೆಯದಿದ್ದರೆ ಆ ಜಾಗದಲ್ಲಿ ಕಾಣುವ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ಬರಹ ಅದು. ‘ಪರ್ಯಾಯ ಪಠ್ಯ’ ಇಲ್ಲಿ ನಡೆಯುವುದಿಲ್ಲ: ಶಿಕ್ಷಕರಿಗೆ ಪಠ್ಯವೆಂದರೆ ಪಾಠದ ಪುಸ್ತಕ, ಉಡುಪಿ ಕಡೆಯವರಿಗೆ ಪರ್ಯಾಯವೆಂದರೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದಲ್ಲಿ ನಡೆಯುವುದು.

ಡೊಂಬಿವಲಿಯಿಂದ:
ಬದಲಿ ಬರಹ. ಮುಗಿಯಿತು.

ಪುಣೆಯಿಂದ:
ಮುಗಿಯಲಿಲ್ಲ. ‘ಬದಲ್’ ಅರಬ್ಬಿ. ನಮ್ಮದೇ ‘ಮಾರು’ ಇದೆಯಲ್ಲ, ಮಾರುವೇಷ, ಮಾರ್ಪಾಡು ಎಂಬಲ್ಲಿರುವುದು. ‘ಮಾರುಬರಹ’ ಎನ್ನಿ. ಚಿತ್ರವೂ ಸಂಸ್ಕೃತ, ‘ತಿಟ್ಟ’ ಸಾಕು.

ಡೊಂಬಿವಲಿಯಿಂದ:
ಬರಹ ಮಾರಾಟಕ್ಕಿದೆ ಎಂದುಕೊಂಡಾರು ಮಾರಾಯ್ರೆ. ಮಾರುವೇಷದ ‘ವೇಷ’ ಎಲ್ಲಿಯದು? ಅರಬ್ಬಿಯನ್ನು ಹೊರಗೆ ಹಾಕುವುದಾದರೆ ಶಾಲೆಯಲ್ಲಿ ಹಾಜರಿಯೂ ಇಲ್ಲ, ರಜೆಯೂ ಇಲ್ಲ.

ಥಾಣೆಯಿಂದ:
‘ಬದಲಿ’ಗೆ ನನ್ನ ತಕರಾರು ಬೇರೆ. ಇಲ್ಲಿಯ ಶಾಲೆಗಳಲ್ಲಿ ಮರಾಠಿಯ ‘ಬದಲೀ’ ಎಂದರೆ ವರ್ಗಾವಣೆ. ಕೈಪಿಡಿಯಲ್ಲಿ ಆ ಪದ ಕಂಡರೆ ಗುಮಾಸ್ತರು ಮುಂದೆ ಓದುವುದಿಲ್ಲ. ‘ಚಿತ್ರ ವಿವರಣೆ’ಯೂ ಬೇಡ. ಅದನ್ನು ಫೋಟೊದ ಅಡಿಬರಹವೆಂದು ತಿಳಿದು ಒಂದೇ ಸಾಲನ್ನು ಎರಡು ಕಡೆ ಅಂಟಿಸುತ್ತಾರೆ, ರೀಡರ್ ಎರಡು ಸಲ ಓದುತ್ತದೆ. ‘ಚಿತ್ರದ ಮಾತು’ ಎನ್ನಬಹುದು. ಯಾವುದಾದರೂ ಸರಿ, ಪಕ್ಕದಲ್ಲಿ ‘ಆಲ್ಟ್’ ಇರಲೇಬೇಕು, ಕೋಡಿನಲ್ಲಿ ಟೈಪ್ ಮಾಡುವುದು ಅದನ್ನೇ.

ಪದಕ್ಕಿಂತ ಹೆಚ್ಚು ಕೆಡುವುದು ಬಳಕೆಯಲ್ಲಿ. ‘ಶಾಲೆ’ ಎಂದಷ್ಟೇ ಬರೆದರೆ ಏನೂ ತಿಳಿಯದು. ‘ಧ್ವಜಕ್ಕೆ ವಂದಿಸುತ್ತಿರುವ ಏಳನೇ ತರಗತಿಯ ಮಕ್ಕಳು’ ಎನ್ನಬೇಕು. ‘ಚಿತ್ರ’ ಎಂದು ಶುರುಮಾಡುವುದು ಬೇಡ, ರೀಡರ್ ಅದನ್ನು ತಾನೇ ಹೇಳುತ್ತದೆ. ಅಂಚಿನ ಬಳ್ಳಿಯಂಥ ಬರೀ ಅಲಂಕಾರಕ್ಕೆ ಆಲ್ಟ್ ಬರೆದು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಡಬಾರದು. ಆಲ್ಟನ್ನೇ ಕೈಬಿಟ್ಟರೆ ಕೆಲವು ರೀಡರ್‌ಗಳು ಫೈಲಿನ ಹೆಸರನ್ನು ಅಂಕಿ ಸಮೇತ ಓದಿಬಿಡುತ್ತವೆ. ರಜೆಯ ನೋಟಿಸಿನ ಫೋಟೊ ತೆಗೆದು ಹಾಕುವ ಚಟಕ್ಕೆ ಮಾತ್ರ ಆಲ್ಟ್ ಮದ್ದಲ್ಲ, ನೋಟಿಸನ್ನು ಪುಟದಲ್ಲೇ ಟೈಪ್ ಮಾಡಿಸಿ.

ವರ್ಡ್‌ನಿಂದ ಕಾಪಿ ಮಾಡಿದ ಕೋಡಿನಲ್ಲಿ ಬಾಗಿದ ಉದ್ಧರಣ ಚಿಹ್ನೆ ಬರುತ್ತದೆ. ಬ್ರೌಸರಿಗೆ ಅದು ಬರೀ ಅಕ್ಷರ. ಮೊದಲ ಖಾಲಿ ಜಾಗಕ್ಕೇ ಆಲ್ಟ್ ತುಂಡಾಗಿ, ಒಂದೇ ಪದ ಉಳಿಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ನೇರ ಚಿಹ್ನೆ ಹಾಕಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನ ಅಕ್ಷರಗಳನ್ನು, ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಬದಲಾಯಿಸದಿದ್ದರೆ ರೀಡರ್ ಇಂಗ್ಲಿಷ್ ಅಕ್ಷರಗಳನ್ನು ಗೊಣಗುತ್ತದೆ. ಪುಟದ ಮೊದಲ ಟ್ಯಾಗಿನಲ್ಲಿ ಭಾಷೆಯ ಗುರುತು ‘ಕೆಎನ್’ (kn) ಇರಲಿ, ಕನ್ನಡದ ದನಿ ಆರಿಸಿಕೊಳ್ಳಲು.

ಆಲ್ಟ್ ಏನು ಮಾಡುತ್ತದೆಂದು ಮನದಟ್ಟು ಮಾಡಿಸಲು ಕೋಡಿನಲ್ಲಿ ಫೋಟೊ ಫೈಲಿನ ಹೆಸರಿನ ಒಂದಕ್ಷರ ಕೆಡಿಸಿ ಪುಟವನ್ನು ಮತ್ತೆ ತೆರೆಸಿ. ಫೋಟೊ ಹೋಗಿ ಮಾತು ಕಾಣುತ್ತದೆ.

ಪುಣೆಯಿಂದ:
‘ತಕರಾರು’ ಕೂಡ ಅರಬ್ಬಿಯೇ. ನಡೆಯಲಿ.

ವಡಾಲದಿಂದ:
‘ಆಲ್ಟ್: ಚಿತ್ರದ ಮಾತು’ ಎಂದೇ ಅಚ್ಚಿಗೆ ಕಳಿಸುತ್ತೇನೆ. ಕ್ಯಾಪ್ಶನ್‌ಗೆ ‘ಅಡಿಬರಹ’. ಉದ್ಧರಣ ಚಿಹ್ನೆಯದು ಮೂರನೇ ಪುಟದಲ್ಲಿ ಸೇರುತ್ತದೆ.