ಸೆನ್ಸಿಟೈಸರ್‌ಗೆ ಕನ್ನಡದಾಗ ಏನಂತೀರಿ? ‘ಅಲರ್ಜಿ ಹತ್ತಿಸು’ ನಡೀತೈತೇನು?

ಎಲ್ಲಾರಿಗೂ ನಮಸ್ಕಾರ್ರಿ. ಇಳಕಲ್‌ನಾಗ ನೂಲಿಗೆ ಬಣ್ಣ ಹಾಕೋ ಮಂದಿ ಸಲುವಾಗಿ ಬಣ್ಣದ ಡಬ್ಬಿ ಮ್ಯಾಲಿನ ಎಚ್ಚರಿಕೆ ಕನ್ನಡಕ್ಕ ತರಾಕತ್ತೀನಿ, ಎರಡು ಸಾಲಿನಾಗ ಸಿಕ್ಕೊಂಡೀನಿ. ಡಬ್ಬಿ ಮ್ಯಾಲಿನ ಅಪಾಯದ ಸಂಕೇತದಾಗ ಎಚ್315 ಅಂದ್ರ ಚರ್ಮ ಉರಿಸ್ತೈತಿ, ಎಚ್317 ಅಂದ್ರ ಚರ್ಮಕ್ಕ ಅಲರ್ಜಿ ತರಬಹುದು, ಇಂಥಾದ್ದಕ್ಕ ಇಂಗ್ಲಿಷಿನಾಗ ಸೆನ್ಸಿಟೈಸರ್ ಅಂತಾರ. ಎರಡಕ್ಕೂ ಅದೇ ಉದ್ಗಾರ ಚಿಹ್ನೆ, ಹಳೇ ಅನುವಾದದಾಗ ಎರಡಕ್ಕೂ ‘ತುರಿಕೆಯಾಗುತ್ತದೆ’. (ನಮ್ಮ ಮನ್ಯಾಗ ತುರಿಕೆಗೆ ತಿಂಡಿ ಅಂತೀವಿ, ಆದ್ರ ಬೆಂಗಳೂರು ಕಡೆ ಅದು ನಾಷ್ಟಾ, ಅದಕ್ಕ ಬಿಟ್ಟೆ.)

ಇವೆರಡೂ ಒಂದಲ್ರಿ. ಉರಿಸೋದು ಮೊದಲನೇ ಸಲಕ್ಕ ಉರಿಸ್ತೈತಿ, ಜಾಸ್ತಿ ಹತ್ತಿದ್ರ ಯಾರಿಗಾದ್ರೂ. ಅಲರ್ಜಿ ತರೋದು ಮೊದಲಿಗೆ ಸುಮ್ಮನ ಕುಂತಿರ್ತೈತಿ. ನಮ್ಮ ದೊಡ್ಡವ್ವ ಎಷ್ಟೋ ವರ್ಷ ಕೂದಲಿಗೆ ಕರಿ ಡೈ ಹಚ್ಚಿದ್ಲು, ಏನೂ ಆಗಿರ್ಲಿಲ್ಲ, ಒಂದಿನ ಹಚ್ಚಿ ಮರುದಿನ ಎದ್ದ್ರ ಕಿವಿ ಬಾತು, ಹಣಿ ಮ್ಯಾಲೆ ನೀರುಗುಳ್ಳಿ, ಕಣ್ಣು ತೆರಿಯಾಕ ಬರವಲ್ದು. ಡೈದಾಗಿನ ಪಿಪಿಡಿ ಅನ್ನೋ ಕೆಮಿಕಲ್ಲಿಂದ ಅಂದ್ರು ಡಾಕ್ಟ್ರು. ಅಷ್ಟು ವರ್ಷ ಮೈ ಅದರ ಗುರ್ತು ಇಟ್ಕೊಂಡಿತ್ತು, ಇನ್ಮ್ಯಾಲೆ ಒಂದು ಚೂರು ಸಾಕು.

ಪಠ್ಯದಾಗ ‘ಚರ್ಮ ಸಂವೇದನಕಾರಿ’ ಅಂತ ನೋಡೀನಿ, ಬಣ್ಣದವರಿಗೆ ಓದಿ ಹೇಳಿದೆ, ಒಬ್ರಿಗೂ ತಿಳೀಲಿಲ್ಲ. ನಂಗ ಅನಸೋದು ‘ಅಲರ್ಜಿ ಹತ್ತಿಸೋ’ ಅಂತ. ಚಟ ಹತ್ತತೈತಿ, ಹುಚ್ಚು ಹತ್ತತೈತಿ, ಒಮ್ಮೆ ಹತ್ತಿದ್ದು ಬಿಡಂಗಿಲ್ಲ. ಇನ್ನೊಂದು ಚಂದ ಏನಂದ್ರ ನಮ್ಮ ಕಡೆ ‘ಹತ್ತು’ ಅಂದ್ರ ಅಂಟೋದೂ ಹೌದು, ಆ ಕೆಮಿಕಲ್ ಮೊದಲು ಮಾಡೋದೂ ಅದ, ಚರ್ಮದ ಪ್ರೊಟೀನಿಗೆ ಅಂಟ್ಕೊಳ್ಳೋದು. ಮುಂಚೆ ಗಿನಿಪಿಗ್ ಚರ್ಮಕ್ಕ, ಇಲಿ ಕಿವಿಗೆ ಹಚ್ಚಿ ಪರೀಕ್ಷೆ ಮಾಡ್ತಿದ್ರು, ಈಗ ಪ್ರಾಣಿ ಇಲ್ದನ ಟ್ಯೂಬಿನಾಗ ಪೆಪ್ಟೈಡಿಗೆ (ಪ್ರೊಟೀನಿನ ಸಣ್ಣ ತುಂಡಿನಂಥಾದ್ದು) ಎಷ್ಟು ಅಂಟತೈತಿ ನೋಡೋ ಪರೀಕ್ಷೆ ಐತಿ. ಹಂಗಾದ್ರ ಮೊದಲು ‘ಹತ್ತೋದು’, ಆಮ್ಯಾಲೆ ಗುಳ್ಳಿ ಬರೋದು ‘ಏಳೋದು’, ಎರಡು ಹಂತಕ್ಕ ಎರಡು ಶಬ್ದ ಸಿಕ್ಕಂಗಾತು.

‘ಅಲರ್ಜಿ ಟೆಸ್ಟ್’ ಅನ್ನೋದೂ ಗೊಂದಲ. ಬೆನ್ನಿಗೆ ಪಟ್ಟಿ ಹಚ್ಚಿ 48 ತಾಸಿಗೆ ಬಿಚ್ಚೋದು ಮನಷ್ಯಾನ ಪರೀಕ್ಷೆ, ನಾ ಹೇಳಾಕತ್ತಿದ್ದು ಕೆಮಿಕಲ್ಲಿಂದು. ಇದಕ್ಕ ‘ಅಲರ್ಜಿ ಹತ್ತಿಸೋ ಗುಣದ ಪರೀಕ್ಷೆ’ ಅಂತ ಬರದೀನಿ. ‘ಗುಣ’ದ ಬದಲಿಗೆ ‘ಸಾಮರ್ಥ್ಯ’ ಅಂದ್ರ ಹೊಗಳಿದಂಗ ಕೇಳತೈತಿ.

ಮೈಸೂರು, ಮಂಗಳೂರು ಕಡೆಯವರು ಹೇಳ್ರಿ, ನಿಮಗ ‘ಹತ್ತಿಸು’ ಅಂದ್ರ ಬಸ್ ಹತ್ತಿಸೋದು, ದೀಪ ಹತ್ತಿಸೋದು ಅಷ್ಟ ನೆನಪಾಗತೈತೋ, ಈ ಅರ್ಥನೂ ಬರತೈತೋ?